ಗಂಟಿನ ಹೆಸರು

ಮಳೆ ಬಿಟ್ಟ ಸಂಜೆ ಜಗಲಿಯಲ್ಲಿ ಕೂತು ನಾಯಿಯ ಮೈಯಿಂದ ಉಣ್ಣೆ ಕೀಳುವುದು ಪೊನ್ನಂಪೇಟೆ ಕಡೆಯ ತೋಟದ ಮನೆಗಳಲ್ಲಿ ಹೊಸದೇನಲ್ಲ. ಹಾಗೆ ಕೀಳುತ್ತಿದ್ದಾಗ ಕರಿಯನ ದವಡೆಯಡಿ ದಪ್ಪ ಉಣ್ಣೆಯೊಂದು ಸಿಕ್ಕಿತು ಅಂದುಕೊಂಡೆ. ಉಗುರಿಗೆ ಬರಲಿಲ್ಲ. ಚರ್ಮದೊಳಗೆ ಅಡಿಕೆಯಷ್ಟು ಗಂಟು, ಒತ್ತಿದರೆ ಜಾರುತ್ತಿತ್ತು. ಹಿಂಗಾಲಿನ ಮಂಡಿಯ ಹಿಂದೆಯೂ ಅಂಥದೇ. ಕರಿಯ ಕುಂಯ್ ಎನ್ನಲಿಲ್ಲ.

ನೋವಿಲ್ಲವಲ್ಲ ಎಂದು ಸಮಾಧಾನಪಟ್ಟೆ. ಲಿಂಫೋಮಾ ಎಂಬ ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲವೆಂದು ಆಮೇಲೆ ತಿಳಿಯಿತು. ಇತ್ತ ಉಣ್ಣೆ ಜ್ವರದಲ್ಲೂ ದುಗ್ಧಗ್ರಂಥಿಗಳು ಊದುತ್ತವೆ, ಗುಲ್ಮ ದೊಡ್ಡದಾಗುತ್ತದೆ. ಅದು ಎಷ್ಟೋ ಸಲ ಕೆಲವು ವಾರದ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುತ್ತದೆ. ಲಿಂಫೋಮಾ ಹಾಗಲ್ಲ, ಚಿಕಿತ್ಸೆ ಇಲ್ಲದೆ ಬಿಟ್ಟರೆ ನಾಯಿ ಒಂದೆರಡು ತಿಂಗಳು ಉಳಿಯುವುದೇ ಕಷ್ಟ. ಬೆರಳಿಗೆ ಮಾತ್ರ ಎರಡೂ ಒಂದೇ.

ಮೈಸೂರಿನಲ್ಲಿ ಹೊಟ್ಟೆಯ ಕೂದಲು ಬೋಳಿಸಿ, ಜೆಲ್ ಸವರಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಗುಲ್ಮ ನುಸಿ ತಿಂದ ಕಂಬಳಿಯಂತೆ ಕಂಡಿತು.

"ಕ್ಯಾನ್ಸರಾ ಡಾಕ್ಟ್ರೇ?"

"ಊದಿದೆ ಅಂತ ಹೇಳ್ಬಹುದು, ಯಾಕೆ ಅಂತ ಇದ್ರಲ್ಲಿ ಹೇಳಕ್ಕಾಗಲ್ಲ. ಸೂಜಿ ಹಾಕೋಣ."

ಸ್ಕ್ಯಾನು ಕೇಳುವುದು ಪ್ರತಿಧ್ವನಿಯನ್ನು. ಅದಕ್ಕೆ ಸಿಗುವುದು ಆಕಾರ. ಗುಣ ತಿಳಿಯಬೇಕಾದರೆ ಮೈಯಿಂದ ಒಂದು ಚೂರು ಹೊರಗೆ ಬರಬೇಕು. ದವಡೆಯದನ್ನು ಬಿಟ್ಟು ಮಂಡಿಯ ಗಂಟನ್ನು ಆರಿಸಿದರು. ದವಡೆಯದು ಹಲ್ಲು, ವಸಡಿನ ಸೋಂಕಿಗೂ ಊದೀತಂತೆ. ಗಾಜಿನ ಮೇಲೆ ಬಿದ್ದ ಹನಿ ಅರ್ಧ ಹೇಳಿತು. ಉಳಿದರ್ಧಕ್ಕೆ ಗಂಟಿನ ತುಂಡು ಫಾರ್ಮಲಿನ್ ಬಾಟಲಿಗೆ ಇಳಿಯಿತು.

ಈ ತಿಳಿವು ಯಾರಿಗೆ ಬೇಕಿತ್ತು? ಕರಿಯನಿಗಂತೂ ಅಲ್ಲ. ಆ ದಿನದಿಂದ ಅವನ ಪಾಲಿಗೆ ಬಂದದ್ದು ಕಾರಿನ ಕಿಟಕಿಯ ಗಾಳಿ, ಹುಣಸೂರಿನಲ್ಲಿ ಸಿಕ್ಕ ಇಡ್ಲಿ, ಹೊಲಿಗೆ ಹಾಕಿದ ಕಾಲು. ಒಪ್ಪಿಗೆ ಕೇಳಲಾಗದ ಮೂಕಜೀವಕ್ಕೆ ನಮ್ಮ ಪ್ರಶ್ನೆಗಾಗಿ ಕತ್ತರಿ ಹಾಕುವುದು ಅಹಂಕಾರವೆಂದೇ ಅಂದು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಪರಿಚಯದವರೊಬ್ಬರು ಕನಿಕರದಿಂದಲೇ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದರು. ಅದನ್ನು ಆಗಲೇ ಕರಿಯನಿಗೆ ನುಂಗಿಸಿದ್ದರೆ ಗಂಟು ನಾಲ್ಕು ದಿನ ಇಳಿಯುತ್ತಿತ್ತು, ಮನೆಯವರಿಗೆಲ್ಲ ನಿದ್ದೆ ಬರುತ್ತಿತ್ತು. ಬಯಾಪ್ಸಿಯ ಉತ್ತರ ಮಸುಕಾಗುತ್ತಿತ್ತು, ಮುಂದಿನ ಕಿಮೋ ಔಷಧಿಯೂ ಸರಿಯಾಗಿ ಹತ್ತುತ್ತಿರಲಿಲ್ಲ. ಆ ಕನಿಕರ ಕರಿಯನಿಗಿಂತ ನಮಗೇ ಹೆಚ್ಚು ಒದಗುತ್ತಿತ್ತು.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949ರ ಸುಮಾರಿಗೆ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿದರು. ಹಂದಿಯೊಡನೆ ಕಾದಿ ಎರಡೂ ಸತ್ತವು; ಕಲ್ಲಿನ ಮೇಲೆ ಹಂದಿಯೂ ಇದೆ. ಕರಿಯನ ಹಂದಿ ಅವನೊಳಗೇ ಇತ್ತು. ಗಾಜಿನ ಚೂರಿನ ಮೇಲೆ, ಬಣ್ಣ ಹಾಕಿದ ಮೇಲೆಯೇ ಅದು ಕಂಡದ್ದು.

ಕ್ಯಾನ್ಸರೇ ಆಗಿತ್ತು. ಕಿಮೋ ಕೊಡಿಸಿದೆವು. ಕರಿಯ ಆ ವರ್ಷದ ಕಾಫಿ ಕೊಯ್ಲು ಕಂಡ, ಹೂಮಳೆಯನ್ನೂ ಕಂಡ.

ಉಣ್ಣೆ ಕೀಳುವಾಗ ದವಡೆಯಡಿ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಒಮ್ಮೆ ಬೆರಳಾಡಿಸಿ. ಗಂಟು ಸಿಕ್ಕರೆ, ಮಾತ್ರೆ ನುಂಗಿಸುವ ಮೊದಲು ಸೂಜಿ ಹಾಕಿಸಿ.