ಸಂಕಲ್ಪವೂ ಎಣಿಕೆಯೂ

ಮನುಷ್ಯನು ಸಂಕಲ್ಪವೊಂದನ್ನು ಕೈಕೊಂಡಾಗ ಅದಕ್ಕೆ ಸಂಖ್ಯೆಯ ಕಟ್ಟು ಹಾಕಿಕೊಳ್ಳುವುದು ಲೋಕರೂಢಿ. ಇಷ್ಟು ದಿನ, ಇಷ್ಟು ಸಲ, ಇಷ್ಟು ಹರದಾರಿ ಎಂಬ ಕಟ್ಟಿಲ್ಲದಿದ್ದರೆ ಚಂಚಲವಾದ ಮನಸ್ಸು ಮೂರನೆಯ ದಿನವೇ ಜಾರಿಕೊಳ್ಳುತ್ತದೆ. ಆದರೆ ಎಣಿಕೆ ತುಂಬಿದ ದಿನವೇ ಸಂಕಲ್ಪವೂ ತುಂಬಿತೆ? ಎಣಿಕೆಯೇ ತಪ್ಪಾಗಿದ್ದರೆ? ಅದನ್ನು ತುಂಬಿಸುವ ಭರದಲ್ಲಿ, ಯಾವುದರ ಮೇಲಿನ ಪ್ರೀತಿಯಿಂದ ಹೊರಟನೋ ಅದನ್ನೇ ತುಳಿದಿದ್ದರೆ? ಈ ಪ್ರಶ್ನೆಗಳನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ಅವು ನಿಜವಾಗಿಯೂ ಎದುರಾದ ಒಂದು ಸ್ಥಳವನ್ನು ನೋಡುವುದು ಲೇಸು.

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಉತ್ತರಭಾಗದಲ್ಲಿ ಅಡಿರಾಂಡಾಕ್ ಎಂಬ ಪರ್ವತಪ್ರದೇಶವಿದೆ. ಅಲ್ಲಿಯ ಮರಗಳನ್ನು ಮಿತಿಮೀರಿ ಕಡಿದುದರಿಂದ ಹೊಳೆಗಳ ನೀರು ಬತ್ತೀತೆಂಬ ಭಯ ಹುಟ್ಟಿ, 1885ರಲ್ಲಿ ಸರಕಾರದ ಅರಣ್ಯಭೂಮಿಯನ್ನು ರಕ್ಷಿತವೆಂದು ಸಾರಲಾಯಿತು. 1894ರಲ್ಲಿ ಸಂಸ್ಥಾನದ ಸಂವಿಧಾನದಲ್ಲಿಯೇ, ಆ ನೆಲವು ಎಂದೆಂದಿಗೂ ಕಾಡಾಗಿಯೇ ಉಳಿಯತಕ್ಕದ್ದೆಂಬ ವಿಧಿ ಸೇರಿತು. ರಾಬರ್ಟ್ ಮಾರ್ಷಲ್, ಜಾರ್ಜ್ ಮಾರ್ಷಲ್ ಎಂಬ ಅಣ್ಣತಮ್ಮಂದಿರು ತಮ್ಮ ಮಾರ್ಗದರ್ಶಕನಾದ ಹರ್ಬರ್ಟ್ ಕ್ಲಾರ್ಕನೊಡನೆ 1918ರಲ್ಲಿ ಈ ಬೆಟ್ಟಗಳನ್ನೇರಲು ತೊಡಗಿದರು. 4,000 ಅಡಿಗೆ ಕಡಿಮೆಯಿಲ್ಲದ ಶಿಖರಗಳನ್ನೆಲ್ಲ ಏರಬೇಕೆಂಬುದು ಅವರ ಸಂಕಲ್ಪ. ಅಂದಿನ ನಕಾಶೆಗಳ ಪ್ರಕಾರ ಅವು 46 ಆದವು. 1925ರಲ್ಲಿ ಮೂವರೂ ಕೊನೆಯದನ್ನು ಮುಟ್ಟಿದರು. ಕಾಲುದಾರಿಯೇ ಇಲ್ಲದ ದಟ್ಟಡವಿಯಲ್ಲಿ ದಿಕ್ಕು ಹಿಡಿದು ನಡೆಸಿದ ಕ್ಲಾರ್ಕನ ಹೆಸರು ಸೋದರರ ಹೆಸರಿನಷ್ಟು ದೂರ ಹಬ್ಬಲಿಲ್ಲ. ಬುತ್ತಿ ಹೊತ್ತವನ ಪಾಲಿಗೆ ಇದು ಹೊಸದೇನಲ್ಲ.

ಅವರ ಹೆಜ್ಜೆ ಹಿಡಿದು ಮತ್ತೆ ಕೆಲವರು ಹೊರಟರು. ಗ್ರೇಸ್ ಹುಡೊವಾಲ್ಸ್ಕಿ ಎಂಬಾಕೆ 1937ರಲ್ಲಿ 46ನ್ನೂ ಪೂರೈಸಿ, ಹಾಗೆ ಪೂರೈಸಿದ ಮೊದಲ ಮಹಿಳೆಯೆನಿಸಿದರು. ತುದಿಯನ್ನು ಮುಟ್ಟುವುದಕ್ಕಿಂತ ಹೇಗೆ ಏರಿದೆಯೆಂಬುದೇ ದೊಡ್ಡದೆಂದು ತಂದೆ ಹೇಳಿಕೊಟ್ಟಿದ್ದನ್ನು ಆಕೆ ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಶಿಖರ ಹತ್ತಿದವರು ತಮ್ಮ ಅನುಭವವನ್ನು ಪತ್ರದಲ್ಲಿ ಬರೆದು ಕಳಿಸುವುದು, ಆಕೆ ಅದಕ್ಕೆ ಉತ್ತರ ಬರೆಯುವುದು, ಹೀಗೆ ದಶಕಗಟ್ಟಲೆ ನಡೆಯಿತು. ಆಕೆ 2004ರಲ್ಲಿ ತೀರಿಕೊಂಡರು. 2014ರಲ್ಲಿ ಒಂದು ಶಿಖರಕ್ಕೆ ಆಕೆಯ ಹೆಸರನ್ನಿಟ್ಟರು. ಪೂರೈಸಿದವರ ಸಂಖ್ಯೆ ಈಗ ಹತ್ತು ಸಾವಿರವನ್ನು ದಾಟಿಹೋಗಿದೆ.

ಇದರ ನಡುವೆ ಒಂದು ವಿಚಿತ್ರ ಹೊರಬಿದ್ದಿತು. ಮುಂದೆ ಭೂಮಾಪನ ಇನ್ನಷ್ಟು ನಿಖರವಾದಾಗ, ಪಟ್ಟಿಯಲ್ಲಿದ್ದ ನಾಲ್ಕು ಶಿಖರಗಳು 4,000 ಅಡಿಗೆ ಕಡಿಮೆಯೆಂದು ತಿಳಿಯಿತು. ಪಟ್ಟಿಯಲ್ಲಿಲ್ಲದ ಮೆಕ್‌ನಾಟನ್ ಎಂಬ ಶಿಖರವನ್ನು ಆ ಅಳತೆ 4,000 ಅಡಿಯೆಂದು ತೋರಿಸಿತು. ಆದರೂ ಅಲ್ಲಿಯ ಸಂಘದವರು ಹಳೆಯ ಪಟ್ಟಿಯನ್ನು ತಿದ್ದಲಿಲ್ಲ. ಕೌಚ್‌ಸಕ್ರಾಗ ಎಂಬ ಬೆಟ್ಟ ಸುಮಾರು 3,800 ಅಡಿಯದು; ಅದನ್ನು ಮುಟ್ಟಬೇಕಾದರೆ ಕೆಸರುಜೌಗನ್ನು ದಾಟಬೇಕು. ಸತ್ಯವಾದ ಅಳತೆಯ ಪ್ರಕಾರ ಆ ಶ್ರಮ ಅನಾವಶ್ಯಕ. ಇಂದಿಗೂ ಜನರು ಮೊಣಕಾಲುದ್ದ ಕೆಸರಿನಲ್ಲಿಳಿದು ಹೋಗಿ ಬರುತ್ತಾರೆ.

ಇದನ್ನು ಮೌಢ್ಯವೆನ್ನಬಹುದೆ? ಅವಸರದಲ್ಲಿ ಹಾಗೆನ್ನಲಾಗದು. ಮೊದಲ ಮೂವರು ತಮಗೆ ತಿಳಿದ ಮಟ್ಟಿಗೆ ಪ್ರಾಮಾಣಿಕವಾಗಿ ಎಣಿಸಿದರು. ಅನಂತರದವರು ಅವರು ನಡೆದಲ್ಲಿ ನಡೆಯುವೆವೆಂದು ಮಾತು ಕೊಟ್ಟರು. ಕೊಟ್ಟ ಮಾತನ್ನು ಅಡಿಗೋಲಿನ ನೆಪದಿಂದ ಕಡಿಮೆ ಮಾಡಿಕೊಳ್ಳದಿರುವುದರಲ್ಲಿ ಒಂದು ನಿಷ್ಠೆಯಿದೆ. ಎಣಿಕೆ ಊರುಗೋಲು, ಅದು ಕೊಂಚ ಡೊಂಕಾಗಿದ್ದರೂ ನಡೆಯುವವನಿಗೆ ಆಸರೆಯಾದೀತು. ಆದರೆ ಊರುಗೋಲು ಊರಿದ ನೆಲದ ಗತಿಯೇನು ಎಂಬುದು ಬೇರೆ ಪ್ರಶ್ನೆ. ಕಠಿನವಾದದ್ದೂ ಅದೇ.

ಆ ಪರ್ವತಗಳ ಅತ್ಯುನ್ನತ ನೆತ್ತಿಗಳ ಮೇಲೆ ಮರ ಬೆಳೆಯುವುದಿಲ್ಲ. 5,344 ಅಡಿ ಎತ್ತರದ ಮಾರ್ಸಿ ಶಿಖರವೇ ಮೊದಲಾದ ಕೆಲವು ಕಡೆ, ಹಿಮಯುಗದ ಕಾಲದಿಂದ ಉಳಿದು ಬಂದ ಗಿಡ್ಡ ಸಸ್ಯಗಳೂ ಜೊಂಡಿನ ಜಾತಿಯ ಹುಲ್ಲೂ ಬಂಡೆಯ ಸಂದಿನ ತೆಳುಮಣ್ಣನ್ನು ಹಿಡಿದುಕೊಂಡು ಬದುಕಿವೆ. ಬಿರುಗಾಳಿಯನ್ನೂ ತಿಂಗಳುಗಟ್ಟಲೆಯ ಹಿಮವನ್ನೂ ಸಹಿಸುವ ಈ ಸಸ್ಯಗಳು ಬೂಟುಗಾಲಿನ ತುಳಿತವನ್ನು ಸಹಿಸಲಾರವು. ಬೇರು ಸತ್ತರೆ ಮಣ್ಣು ಸಡಿಲವಾಗುತ್ತದೆ. ಮಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಕೊನೆಗೆ ಉಳಿಯುವುದು ಬರಿಬಂಡೆ. ಕೊಡಲಿಯನ್ನು ತಡೆಯಲು ಸಂವಿಧಾನದ ವಿಧಿಯಿದ್ದಿತು. ಕಾಡನ್ನು ಮೆಚ್ಚಿ ಬಂದವನ ಕಾಲನ್ನು ತಡೆಯುವುದು ಅಷ್ಟು ಸುಲಭವಾಗಿರಲಿಲ್ಲ.

ಇಲ್ಲಿ ತಪ್ಪಿತಸ್ಥನಾರು? ಹತ್ತು ಜನ ನಡೆದರೆ ಹುಲ್ಲು ಬಾಗಿ ಮತ್ತೆ ಏಳುತ್ತದೆ, ಹತ್ತು ಸಾವಿರ ಜನ ನಡೆದರೆ ಸಾಯುತ್ತದೆ. ಹತ್ತು ಸಾವಿರದಲ್ಲಿ ಒಬ್ಬೊಬ್ಬನೂ ಮಾಡಿದ್ದು ಮೊದಲಿನವನು ಮಾಡಿದ್ದನ್ನೇ; ಒಬ್ಬೊಬ್ಬನ ಮನಸ್ಸೂ ನಿರ್ಮಲವಾಗಿಯೇ ಇದ್ದೀತು. ‘ನನ್ನೊಬ್ಬನ ಹೆಜ್ಜೆಯಿಂದ ಆಗುವುದೇನು?’ ಎಂಬ ಮಾತು ಪ್ರತಿಯೊಬ್ಬನ ಬಾಯಲ್ಲಿಯೂ ನಿಜವಾಗಿ, ಎಲ್ಲರನ್ನೂ ಕೂಡಿಸಿದಾಗ ಸುಳ್ಳಾಗುತ್ತದೆ. ಕೆರೆಯ ಹೂಳು, ಸಂತೆಯ ಕಸ, ಕಾಲುವೆಯ ನೀರಿನ ಪಾಲು ಇವುಗಳ ವಿಷಯದಲ್ಲಿ ಗೃಹಸ್ಥನಾದವನು ದಿನವೂ ಆಡುವ ಮಾತು ಇದೇ. ಉದ್ದೇಶ ಶುದ್ಧವಾಗಿದ್ದ ಮಾತ್ರಕ್ಕೆ ಕರ್ಮದ ಹೊಣೆ ತಪ್ಪುವುದಿಲ್ಲ. ತನ್ನ ಹಿಂದೆ ಎಷ್ಟು ಜನ ಬರುತ್ತಿದ್ದಾರೆಂಬುದನ್ನೂ ನಡೆಯುವವನು ಲೆಕ್ಕಕ್ಕೆ ತಂದುಕೊಳ್ಳಬೇಕಾಗುತ್ತದೆ.

ಪಟ್ಟಿಯೇ ಅನರ್ಥಕ್ಕೆ ಕಾರಣ, ಅದನ್ನು ಹರಿದೊಗೆಯಬೇಕೆನ್ನುವವರು ಉಂಟು. ಅದರಲ್ಲಿ ಅರ್ಧ ಸತ್ಯವಿದೆ. ಪಟ್ಟಿಯಿಲ್ಲದಿದ್ದರೆ ಎಷ್ಟೋ ನೆತ್ತಿಗಳಿಗೆ ಯಾರೂ ಹೋಗುತ್ತಿರಲಿಲ್ಲ. ಆದರೆ ಆ ಬೆಟ್ಟಗಳ ಆರೈಕೆಗೆ ನಿಂತವರಲ್ಲಿ ಅನೇಕರು ಬಂದದ್ದೂ ಪಟ್ಟಿಯ ದಾರಿಯಿಂದಲೇ. ಎಡ್ವಿನ್ ಕೆಚ್‌ಲೆಜ್ ಎಂಬ ಸಸ್ಯಶಾಸ್ತ್ರಜ್ಞರು ತಾವೇ 46ನ್ನು ಪೂರೈಸಿದವರು. ಬರಿದಾದ ನೆತ್ತಿಗಳಲ್ಲಿ ಹುಲ್ಲಿನ ಬೀಜ ಬಿತ್ತಿ, ಗೊಬ್ಬರ ಹಾಕಿ, ಮಣ್ಣು ನಿಲ್ಲುವ ಬಗೆಯನ್ನು ವರ್ಷಾನುಗಟ್ಟಲೆ ಪರೀಕ್ಷಿಸಿದರು. 1989ರಿಂದ ಬೇಸಗೆಯಲ್ಲಿ ಶಿಖರಪಾಲಕರು ಮೇಲೆ ನಿಂತು, ಬಂದವರಿಗೆ ಬಂಡೆಯ ಮೇಲೆಯೇ ನಡೆಯಿರೆಂದು ತಿಳಿಹೇಳುತ್ತಾರೆ. ಅವರು ಗದರಿಸುವುದಿಲ್ಲ, ಕಾಲಕೆಳಗಿನ ಸಸ್ಯವನ್ನು ತೋರಿಸಿ ಅದರ ಹೆಸರು ಹೇಳುತ್ತಾರೆ, ಅಷ್ಟೆ. ಹೆಸರು ತಿಳಿದ ಗಿಡವನ್ನು ತುಳಿಯಲು ಕಾಲು ಹಿಂಜರಿಯುತ್ತದೆ. ಹಲವೆಡೆ ಮಣ್ಣು ಹಿಡಿದುಕೊಂಡಿದೆ, ಹಸಿರು ಮರಳಿದೆ.

ಕೆಲವು ಬೆಟ್ಟಗಳ ಬುಡದಲ್ಲಿ ಕಲ್ಲುಗಳನ್ನು ಗುಡ್ಡೆಹಾಕಿ ಇಟ್ಟಿರುತ್ತಾರೆ. ಮೇಲೆ ಕಾಲುದಾರಿಯ ಅಂಚಿಗೆ ಜೋಡಿಸಿ, ನಡೆಯುವವರು ಹುಲ್ಲಿನತ್ತ ಸರಿಯದಂತೆ ತಡೆಯಲು ಕಲ್ಲು ಬೇಕು. ನೆತ್ತಿಯ ಮೇಲಿನ ಕಲ್ಲನ್ನು ಕಿತ್ತರೆ ಮಣ್ಣು ಸಡಿಲವಾದೀತು. ಆದಕಾರಣ ಏರುವವರು ಬುತ್ತಿಯ ಜೊತೆಗೆ ಒಂದು ಕಲ್ಲನ್ನೂ ಚೀಲದಲ್ಲಿಟ್ಟುಕೊಳ್ಳುತ್ತಾರೆ. ಇದನ್ನು ಪಟ್ಟಿ ಕೇಳುವುದಿಲ್ಲ. ಹೊರದೆ ಹೋದವನ ಎಣಿಕೆಯೂ ಸಲ್ಲುತ್ತದೆ. ಹೊತ್ತವನು ಬೆವರುತ್ತ ನೆತ್ತಿಯನ್ನು ಸೇರಿ, ಕಲ್ಲನ್ನು ಪಾಲಕನ ವಶಕ್ಕೆ ಕೊಟ್ಟು, ಬರಿಬಂಡೆಯೊಂದನ್ನು ಹುಡುಕಿ ಕುಳಿತು ಬುತ್ತಿ ಬಿಚ್ಚುತ್ತಾನೆ.