ಊರಿನ ಸಾಲ, ಊರಿನ ಚಿತ್ರಗಳು

ಸಾಲವು ಕುತ್ತಿಗೆಗೆ ಬಂದಾಗ ಮನೆಯಿಂದ ಮೊದಲು ಹೊರಬೀಳುವುದು ಒಡವೆ. ಒಡವೆಯಿರುವುದೇ ಆಪತ್ಕಾಲಕ್ಕೆಂದು ನಮ್ಮ ಹಿರಿಯರು ಬಗೆದಿದ್ದರು. ಹೆಂಡತಿಯ ಬಳೆಯನ್ನು ಅಡವಿಟ್ಟು ಮಗನ ಓದನ್ನು ಮುಂದುವರಿಸಿದ ಗೃಹಸ್ಥನನ್ನು ಯಾರೂ ಹಳಿಯರು. ಆದರೆ ಅದೇ ಗೃಹಸ್ಥನು ಊರ ದೇವಸ್ಥಾನದ ಮೊಕ್ತೇಸರನೂ ಆಗಿದ್ದು, ದೇವರ ಕೊರಳಿನ ಸರವನ್ನು ಅದೇ ಉದ್ದೇಶಕ್ಕಾಗಿ ಅಡವಿಟ್ಟನೆನ್ನಿ. ಉದ್ದೇಶವು ಮೊದಲಿನಷ್ಟೇ ಒಳ್ಳೆಯದು. ಕೃತ್ಯವು ಮಾತ್ರ ಬೇರೆ. ಸರವು ಅವನ ಕೈಯಲ್ಲಿತ್ತು, ಅವನದಾಗಿರಲಿಲ್ಲ. ಹಾಗಾದರೆ ಒಂದು ನಗರವು ತೆರಿಗೆಯ ಹಣದಿಂದ ಕೊಂಡು, ಎಲ್ಲರೂ ನೋಡಲೆಂದು ಗೋಡೆಗೆ ತೂಗಹಾಕಿದ ಚಿತ್ರವು ಇವೆರಡು ಒಡವೆಗಳಲ್ಲಿ ಯಾವ ಬಗೆಯದು? ಅಮೆರಿಕದ ಡೆಟ್ರಾಯಿಟ್ ನಗರಕ್ಕೆ 2013ರಲ್ಲಿ ಈ ಪ್ರಶ್ನೆ ಎದುರಾಯಿತು. ಅದು ಪಂಡಿತರ ಚರ್ಚೆಯಾಗಿ ಬರಲಿಲ್ಲ, ನ್ಯಾಯಾಲಯದ ವ್ಯಾಜ್ಯವಾಗಿಯೇ ಬಂದಿತು.

ಆ ನಗರದ ಕಲಾಸಂಗ್ರಹಾಲಯವು 1885ರಲ್ಲಿ ಹುಟ್ಟಿದುದು. ಪತ್ರಿಕೆಯ ಒಡೆಯನಾದ ಜೇಮ್ಸ್ ಸ್ಕ್ರಿಪ್ಸ್ ಮೊದಲಾದ ಸಿರಿವಂತರು ಅದಕ್ಕೆ ಬುನಾದಿ ಹಾಕಿದರು. 1919ರಲ್ಲಿ ಸಂಗ್ರಹವೆಲ್ಲವೂ ನಗರಾಡಳಿತದ ಸೊತ್ತಾಯಿತು. ಮೋಟಾರುಗಾಡಿಗಳ ವ್ಯಾಪಾರದಿಂದ ಊರಿನಲ್ಲಿ ಹಣವು ಹೊಳೆಯಾಗಿ ಹರಿಯುತ್ತಿದ್ದ ಕಾಲವದು. ನಗರದ ಹಿರಿಯರು ರಸ್ತೆ ಚರಂಡಿಗಳಿಗಾಗಿ ಮಾತ್ರವಲ್ಲ, ಚಿತ್ರಗಳಿಗಾಗಿಯೂ ಬೊಕ್ಕಸದಿಂದ ಹಣ ತೆಗೆದಿಟ್ಟರು. 1922ರಲ್ಲಿ ವ್ಯಾನ್ ಗೋ ತನ್ನದೇ ಮುಖವನ್ನು ಬರೆದುಕೊಂಡ ಚಿತ್ರವೊಂದನ್ನು ಕೊಂಡರು. ಅಮೆರಿಕದ ಸಾರ್ವಜನಿಕ ಸಂಗ್ರಹಾಲಯವೊಂದಕ್ಕೆ ಆ ಚಿತ್ರಕಾರನ ವರ್ಣಚಿತ್ರವು ಬಂದುದು ಅದೇ ಮೊದಲು. 1924ರಿಂದ ಎರಡು ದಶಕಗಳ ಕಾಲ ಜರ್ಮನಿಯ ವಿದ್ವಾಂಸ ವ್ಯಾಲೆಂಟೈನರ್ ಅದರ ನಿರ್ದೇಶಕನಾಗಿದ್ದನು. 1927ರಲ್ಲಿ ಬಿಳಿಯ ಅಮೃತಶಿಲೆಯ ಹೊಸ ಕಟ್ಟಡ ತೆರೆಯಿತು. 1930ರಲ್ಲಿ ಆತನು ಲಂಡನ್ನಿನಲ್ಲಿ ಬ್ರೂಗೆಲನ 'ಮದುವೆಯ ಕುಣಿತ'ವೆಂಬ ಚಿತ್ರವನ್ನು ಗುರುತಿಸಿ ನಗರದ ಹಣದಿಂದಲೇ ಕೊಂಡು ತಂದನು. ಸುಮಾರು 1566ರ ಆ ಚಿತ್ರದಲ್ಲಿ ರಾಜರಿಲ್ಲ, ಸಂತರಿಲ್ಲ. ನೂರಕ್ಕೂ ಮಿಕ್ಕ ಹಳ್ಳಿಯ ಜನರು ಮರಗಳ ಕೆಳಗೆ ಮೈಮರೆತು ಕುಣಿಯುತ್ತಿದ್ದಾರೆ.

ಇನ್ನೊಂದು ಕೃತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1932-33ರಲ್ಲಿ ಮೆಕ್ಸಿಕೋ ದೇಶದ ಡಿಯೇಗೋ ರಿವೇರಾ ಆ ಕಟ್ಟಡದ ನಡುಮನೆಯ ನಾಲ್ಕು ಗೋಡೆಗಳ ಮೇಲೆ 27 ಭಾಗಗಳ ಭಿತ್ತಿಚಿತ್ರವನ್ನು ಬರೆದನು. ಹಣ ಕೊಟ್ಟವನು ಎಡ್ಸೆಲ್ ಫೋರ್ಡ್. ಚಿತ್ರದಲ್ಲಿರುವವರು ಫೋರ್ಡ್ ಕಾರ್ಖಾನೆಯ ಕೂಲಿಕಾರರು. ಬಾಗಿದ ಬೆನ್ನುಗಳು, ಕುಲುಮೆಯ ಬೆಂಕಿ, ಯಂತ್ರದೊಡನೆ ಯಂತ್ರವಾದ ಕೈಗಳು. ಈ ಗೋಡೆಗಳಿಗೆ ಸುಣ್ಣ ಬಳಿಯಬೇಕೆಂದು ಅಂದು ಕೆಲವರು ಕೂಗಿದರು. ಎಡ್ಸೆಲ್ ಫೋರ್ಡ್ ಚಿತ್ರಕಾರನ ಬೆಂಬಲಕ್ಕೆ ನಿಂತುದರಿಂದ ಚಿತ್ರವು ಉಳಿಯಿತು. ಧಣಿಯ ಹಣದಿಂದ ಧಣಿಗೆ ಅಷ್ಟೇನೂ ಹಿತವಲ್ಲದ ಚಿತ್ರವು ಮೂಡುವುದು ಕಲೆಯ ಲೋಕದಲ್ಲಿ ಅಪರೂಪವೇ ಸರಿ.

ಆಮೇಲಿನ ಕಥೆ ಇಳಿಗಾಲದ್ದು. ಕಾರ್ಖಾನೆಗಳು ಊರ ಹೊರಗೆ ಸಾಗಿದವು. ಅನುಕೂಲಸ್ಥರು, ಹೆಚ್ಚಾಗಿ ಬಿಳಿಯರು, ಸುತ್ತಲಿನ ಬಡಾವಣೆಗಳಿಗೆ ಹೋದರು. ಅವರ ತೆರಿಗೆಯೂ ಅವರ ಹಿಂದೆಯೇ ಹೋಯಿತು. 1950ರಲ್ಲಿ ಹದಿನೆಂಟೂವರೆ ಲಕ್ಷವಿದ್ದ ಜನಸಂಖ್ಯೆ 2010ರಲ್ಲಿ ಏಳು ಲಕ್ಷದ ಚಿಲ್ಲರೆಗೆ ಇಳಿದಿತ್ತು. 2013ರ ಜುಲೈ 18ರಂದು ಸುಮಾರು 1,800 ಕೋಟಿ ಡಾಲರಿನ ಸಾಲವನ್ನು ತೋರಿಸಿ ನಗರವು ದಿವಾಳಿಯ ಅರ್ಜಿ ಸಲ್ಲಿಸಿತು. ಅಮೆರಿಕದಲ್ಲಿ ಅಷ್ಟು ದೊಡ್ಡ ನಗರ-ದಿವಾಳಿ ಅದಕ್ಕೆ ಮುಂಚೆ ನಡೆದಿರಲಿಲ್ಲ.

ಸಾಲಗಾರನ ಮನೆಗೆ ಬಂದವರ ಕಣ್ಣು ಗೋಡೆಯ ಮೇಲೆ ಬೀಳದಿರುವುದೆ? ಕ್ರಿಸ್ಟೀಸ್ ಎಂಬ ಹೆಸರಾಂತ ಏಲಂ ಸಂಸ್ಥೆಯವರು ಬಂದು, ಸುಮಾರು 65,000 ವಸ್ತುಗಳ ಆ ಸಂಗ್ರಹದಲ್ಲಿ ನಗರದ ಹಣದಿಂದ ಕೊಂಡ 2,800ರಷ್ಟಕ್ಕೆ ಬೆಲೆ ಕಟ್ಟಿದರು. ಒಟ್ಟು 45 ಕೋಟಿಯಿಂದ 87 ಕೋಟಿ ಡಾಲರಿನವರೆಗೆ ಆಯಿತು. ಅದರ ಮುಕ್ಕಾಲು ಪಾಲು ಕೇವಲ 11 ಕೃತಿಗಳದು. 'ಮದುವೆಯ ಕುಣಿತ'ವೊಂದಕ್ಕೇ 10ರಿಂದ 20 ಕೋಟಿ. ಬೆಲೆಚೀಟಿ ಅಂಟಿದ ಮೇಲೆ ಅದೇ ಚಿತ್ರವನ್ನು ನೋಡುವ ಕಣ್ಣು ಬೇರೆಯಾಗುವುದೆಂಬುದರಲ್ಲಿ ನನಗೆ ಸಂಶಯವಿಲ್ಲ.

ಬೇಡಿಕೆಯಿಟ್ಟವರೆಲ್ಲ ಬಡ್ಡಿಯ ಲೋಭಿಗಳಾಗಿದ್ದರೆ ಪ್ರಶ್ನೆ ಸುಲಭವಾಗುತ್ತಿತ್ತು. ಸಾಲಪತ್ರಗಳನ್ನು ಹಿಡಿದ ದೊಡ್ಡ ಸಂಸ್ಥೆಗಳು ಅಲ್ಲಿದ್ದುವು, ನಿಜ. ಆದರೆ ಅವರೊಡನೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ನಿವೃತ್ತ ನೌಕರರೂ ನಿಂತಿದ್ದರು. ಕಸ ಸಾಗಿಸಿದವರು, ನೀರಿನ ಕೊಳವೆ ರಿಪೇರಿ ಮಾಡಿದವರು, ಬೆಂಕಿ ನಂದಿಸಿದವರು. ಪೊಲೀಸರಿಗೂ ಅಗ್ನಿಶಾಮಕ ದಳದವರಿಗೂ ಆ ದೇಶದ ಸಾಮಾಜಿಕ ಭದ್ರತೆಯ ವೇತನವೂ ಇರಲಿಲ್ಲ. ನಗರದ ಪಿಂಚಣಿಯೇ ಗತಿ. ನಾನು ತಿಂಗಳ ಸಂಬಳದಿಂದ ಬದುಕುವ ಪ್ರಾಥಮಿಕ ಶಾಲೆಯ ಉಪಾಧ್ಯಾಯ. ಅವರ ಪಕ್ಷವು ನನಗೆ ತೀರ ಹತ್ತಿರದ್ದೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಮಾರಬಾರದೆಂದವರ ವಾದವನ್ನು ಮಿಚಿಗನ್ ರಾಜ್ಯದ ಅಟಾರ್ನಿ ಜನರಲ್ 2013ರ ಜೂನಿನಲ್ಲಿಯೇ ಹೇಳಿದ್ದರು: ಚಿತ್ರಗಳು ಜನರಿಗಾಗಿ ಧರ್ಮನಿಧಿಯಾಗಿ ನಗರದ ಕೈಯಲ್ಲಿವೆ, ಸಾಲಕ್ಕೆ ಸಲ್ಲುವಂತಿಲ್ಲ. ನಮ್ಮ ಮೊಕ್ತೇಸರನ ನ್ಯಾಯವೇ ಇದು. ಲೆಕ್ಕದ ವಾದವೂ ಒಂದಿತ್ತು. ಆ 2,800 ವಸ್ತುಗಳನ್ನು ಅತ್ಯಧಿಕ ಬೆಲೆಗೆ ಮಾರಿದರೂ ಸಾಲದಲ್ಲಿ ನೂರಕ್ಕೆ ಐದು ಪಾಲು ತೀರದು. ಬಂದುದೆಲ್ಲ ಮುದುಕರ ಕೈಗೇ ಸೇರೀತೆಂಬ ಭರವಸೆಯೂ ಇಲ್ಲ. ಆದರೆ ಲೆಕ್ಕದ ಮರೆಯಲ್ಲಿ ಧರ್ಮಪ್ರಶ್ನೆಯಿಂದ ನುಣುಚಿಕೊಳ್ಳುವುದು ಸರಿಯಲ್ಲ. ಮಾರಿದ ಹಣದಿಂದ ಪ್ರತಿಯೊಬ್ಬ ಮುದುಕನ ಪಿಂಚಣಿಯೂ ಪೂರ್ತಿಯಾಗಿ ಉಳಿಯುತ್ತಿತ್ತೆಂದೇ ಇಟ್ಟುಕೊಳ್ಳೋಣ. ಆಗ ಏನೆನ್ನುತ್ತೇವೆ?

ಅನ್ನ ದೊಡ್ಡದು, ಚಿತ್ರ ಚಿಕ್ಕದು ಎನ್ನುವವರುಂಟು. ಆ ತಕ್ಕಡಿ ನನಗೆ ಒಪ್ಪಿಗೆಯಿಲ್ಲ. ಆ ತೂಕದಲ್ಲಿ ಶಾಲೆಯ ಭೂಪಟವೂ ಊರಿನ ವಾಚನಾಲಯವೂ ಒಂದು ದಿನ ಅನ್ನದ ಮುಂದೆ ಹಗುರವಾಗಿಯೇ ತೋರುವುವು. ಬಡವರ ಪಾಲಿಗೆ ಅನ್ನದ ಹೊರತು ಬೇರೇನೂ ಬೇಡವೆಂಬ ಮಾತನ್ನು ಬಡವರು ಹೇಳಿದುದನ್ನು ನಾನು ಕೇಳಿಲ್ಲ. ಸಿರಿವಂತನ ಮನೆ ಸೇರಿದ ಚಿತ್ರವನ್ನು ಕಸ ಸಾಗಿಸಿದವನ ಮೊಮ್ಮಗಳು ಮತ್ತೆ ಕಾಣಲಾರಳು. ಇಷ್ಟು ಹೇಳಿ ಚಿತ್ರವನ್ನು ಮಾರಬಾರದೆಂದು ತೀರ್ಪು ಕೊಡುವುದು ಸುಲಭ.

ಆದರೆ ಪಿಂಚಣಿಯೆಂದರೇನು? ಅದು ದಾನವಲ್ಲ, ದುಡಿದ ದಿನ ಕೊಡದೆ ಮುಂದಕ್ಕೆ ಇರಿಸಿದ ಕೂಲಿ. ಅದೂ ನಗರದ ಕೈಯಲ್ಲಿತ್ತು, ನಗರದ್ದಾಗಿರಲಿಲ್ಲ. ಮಿಚಿಗನ್ನಿನ ಸಂವಿಧಾನವು ಅದಕ್ಕೆ ಕಾವಲು ನಿಂತಿದ್ದರೂ, ದಿವಾಳಿಯ ಕಾಯಿದೆಯ ಮುಂದೆ ಅದನ್ನು ಕಡಿಮೆಮಾಡಬಹುದೆಂದು 2013ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಸ್ಟೀವನ್ ರೋಡ್ಸ್ ಹೇಳಿದರು. ಹೀಗೆ ನಗರವು ಏಕಕಾಲಕ್ಕೆ ಎರಡು ನಡೆಗಳ ಮೊಕ್ತೇಸರನಾಗಿತ್ತು. ಒಂದು ನಡೆಯ ಒಡವೆ ಪವಿತ್ರ, ಇನ್ನೊಂದರದು ಬರಿಯ ಬಾಕಿ ಎನ್ನುವುದು ಯಾವ ಧರ್ಮ? ಚಿತ್ರವನ್ನು ಮಾರಬೇಡಿರೆಂದು ಹೇಳುವ ಹಕ್ಕು ಯಾರಿಗಿದೆಯೆಂದು ಕೇಳಿದರೆ ನನ್ನ ಉತ್ತರವಿಷ್ಟೆ: ಹಾಗೆ ಹೇಳಿ ತನ್ನ ಚೀಲದ ಬಾಯಿ ಬಿಚ್ಚಿದವನಿಗೆ. ಬಾಯಿಮಾತಿನಲ್ಲಿ ಕಲೆಯನ್ನು ಕಾಯುವವನು ಬೇರೆಯವರ ಮುಪ್ಪಿನಿಂದ ಅದರ ಬೆಲೆ ತೆರುತ್ತಾನೆ.

ಡೆಟ್ರಾಯಿಟಿನಲ್ಲಿ ಚೀಲಗಳು ಬಿಚ್ಚಿದುವು. ಫೋರ್ಡ್ ಪ್ರತಿಷ್ಠಾನವೊಂದೇ 12 ಕೋಟಿ 50 ಲಕ್ಷ ಡಾಲರ್ ಕೊಡಲೊಪ್ಪಿತು. 1936ರಲ್ಲಿ ಅದನ್ನು ಸ್ಥಾಪಿಸಿದವನು ರಿವೇರಾನಿಗೆ ಗೋಡೆ ಕೊಟ್ಟ ಅದೇ ಎಡ್ಸೆಲ್ ಫೋರ್ಡ್. ಪ್ರತಿಷ್ಠಾನಗಳೆಲ್ಲ ಸೇರಿ 36 ಕೋಟಿ 60 ಲಕ್ಷ, ಸಂಗ್ರಹಾಲಯದವರು ಕೂಡಿಸಿದ 10 ಕೋಟಿ, ರಾಜ್ಯದ ಪಾಲು ಬೇರೆ. ಇಪ್ಪತ್ತು ವರ್ಷಗಳ ಅವಧಿಯ ಈ 'ಮಹಾ ಒಪ್ಪಂದ'ದ ಒಟ್ಟು ಮೊತ್ತ 80 ಕೋಟಿಗೂ ಮೇಲೆ, ಅದೆಲ್ಲ ಪಿಂಚಣಿಗೆ. ಅದಕ್ಕೆ ಪ್ರತಿಯಾಗಿ ಚಿತ್ರಗಳ ಒಡೆತನವು ನಗರದಿಂದ ಒಂದು ಧರ್ಮಸಂಸ್ಥೆಗೆ ಹೋಗಬೇಕು. 2014ರ ನವೆಂಬರ್ 7ರಂದು ನ್ಯಾಯಾಧೀಶರು ಇದಕ್ಕೆ ಸಮ್ಮತಿಯಿತ್ತರು.

ದಾನಿಗಳ ಹೆಸರನ್ನು ಎಲ್ಲ ಪತ್ರಿಕೆಗಳೂ ಹೊಗಳಿ ಬರೆದುವು. ಹೊಗಳಲಿ, ಅವರು ಕೊಟ್ಟರು. ಆದರೆ ಸಾಮಾನ್ಯ ನೌಕರರ ಪಿಂಚಣಿಯಿಂದಲೂ ನೂರಕ್ಕೆ ನಾಲ್ಕೂವರೆ ಪಾಲು ಕತ್ತರಿಸಿತು, ವರ್ಷವರ್ಷದ ತುಟ್ಟಿಯ ಹೆಚ್ಚಳವೂ ನಿಂತಿತು, ವೈದ್ಯವೆಚ್ಚದ ನೆರವು ಬಹುಮಟ್ಟಿಗೆ ಹೋಯಿತು. ನಿವೃತ್ತರು ಮತ ಕೊಟ್ಟು ಇದನ್ನು ಒಪ್ಪಿದರು. ಒಪ್ಪದಿದ್ದರೆ ಇನ್ನೂ ಹೆಚ್ಚು ಹೋಗುತ್ತಿತ್ತೆಂಬುದು ಅವರಿಗೆ ಗೊತ್ತಿತ್ತು. ಬ್ರೂಗೆಲನ ರೈತರು ಆ ಊರಿನಲ್ಲಿ ಉಳಿದುದಕ್ಕೆ ತೆತ್ತವರ ಪಟ್ಟಿಯನ್ನು ಬರೆಯುವುದಾದರೆ ಇವರ ಹೆಸರೂ ಅದರಲ್ಲಿ ಇರತಕ್ಕದ್ದು. ಕೋಟ್ಯಧೀಶನ ಪ್ರತಿಷ್ಠಾನವೊಂದೂ ಇಲ್ಲದ ಊರು ಹೀಗೆ ದಿವಾಳಿಯಾಗಿದ್ದರೆ ಏನಾಗುತ್ತಿತ್ತೆಂಬುದಕ್ಕೂ ಈ ಒಪ್ಪಂದದಲ್ಲಿ ಉತ್ತರವಿಲ್ಲ.

ಒಡೆತನ ಹೋದರೂ ಜನರ ಹಣದ ನಂಟು ಹರಿಯಲಿಲ್ಲ. ದಿವಾಳಿಗೆ ಒಂದು ವರ್ಷ ಮುಂಚೆ, 2012ರ ಆಗಸ್ಟಿನಲ್ಲಿ, ಡೆಟ್ರಾಯಿಟ್ ಮತ್ತು ಅದರ ಸುತ್ತಲಿನ ಮೂರು ಜಿಲ್ಲೆಗಳ ಜನರು ಸಂಗ್ರಹಾಲಯಕ್ಕಾಗಿ ತಮ್ಮ ಮೇಲೆ ತಾವೇ ಮನೆತೆರಿಗೆಯನ್ನು ಹಾಕಿಕೊಂಡಿದ್ದರು: ಒಂದೂವರೆ ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 15 ಡಾಲರಿನಷ್ಟು. ಅದಕ್ಕೆ ಪ್ರತಿಯಾಗಿ ಆ ಜಿಲ್ಲೆಗಳವರಿಗೆ ಪ್ರವೇಶ ಉಚಿತ. ಊರು ಬಿಟ್ಟು ಬಡಾವಣೆಗೆ ಹೋದವರ ಮಕ್ಕಳೂ ಹೀಗೆ ಊರಿನ ಚಿತ್ರಗಳಿಗೆ ತೆರಿಗೆ ಕೊಡತೊಡಗಿದರು. 2020ರ ಮಾರ್ಚಿನಲ್ಲಿ ಅವರು ಮತ ಕೊಟ್ಟು ಆ ತೆರಿಗೆಯನ್ನು ಮುಂದುವರಿಸಿದರು.