ಒಡೆಯನಿಲ್ಲದ ನಿಧಿಯೂ ಅಚೌರ್ಯವ್ರತವೂ

ಪರಧನವನ್ನು ಅಪಹರಿಸುವುದು ಕಳವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಆ ಧನದ ಒಡೆಯನು ಸತ್ತು ಸಾವಿರ ವರ್ಷಗಳಾಗಿ, ಅವನ ವಂಶವೂ ಹೆಸರೂ ಅಳಿದುಹೋಗಿದ್ದರೆ? ಅವನು ಹೂಳಿಟ್ಟ ಹೊನ್ನನ್ನು ಇಂದು ಅಗೆದು ತೆಗೆದವನು ಯಾರಿಗೆ ಅಪರಾಧಿ? ಇಂಗ್ಲೆಂಡಿನಲ್ಲಿ ಇದು ಕೇವಲ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ. ಅಲ್ಲಿ ಸಹಸ್ರಾರು ಜನರು ಬಿಡುವಿನ ವೇಳೆಯಲ್ಲಿ ಲೋಹಶೋಧಕ ಯಂತ್ರವನ್ನು ಹಿಡಿದು ಉತ್ತ ಹೊಲಗಳಲ್ಲಿ ಸಂಚರಿಸುತ್ತಾರೆ. ಯಂತ್ರವು ಸದ್ದು ಮಾಡಿದಲ್ಲಿ ಅಗೆದು, ಹಳೆಯ ನಾಣ್ಯವನ್ನೋ ಉಂಗುರವನ್ನೋ ಎತ್ತುವುದು ಅವರ ಹವ್ಯಾಸ. ಈ ಹವ್ಯಾಸವು ಧರ್ಮ್ಯವೋ ಅಧರ್ಮ್ಯವೋ ಎಂಬುದನ್ನು ಒಂದೇ ವರ್ಷದ ಎರಡು ಘಟನೆಗಳ ಮೂಲಕ ವಿಚಾರಿಸೋಣ.

2015ರಲ್ಲಿ ಆಕ್ಸ್‌ಫರ್ಡ್‌ಷೈರಿನ ವಾಟ್ಲಿಂಗ್‌ಟನ್ ಸಮೀಪ ಒಬ್ಬ ಹವ್ಯಾಸಿಗೆ ಬೆಳ್ಳಿಯ ನಾಣ್ಯಗಳೂ ಗಟ್ಟಿಗಳೂ ದೊರೆತವು. ಅವನು ಅಧಿಕಾರಿಗೆ ಸುದ್ದಿ ಮುಟ್ಟಿಸಿದನು. ತಜ್ಞರು ಬಂದು ಸುತ್ತಲ ಮಣ್ಣಿನ ಹೆಂಟೆಯ ಸಮೇತ ನಿಧಿಯನ್ನು ಮೇಲೆತ್ತಿದರು. ಸುಮಾರು 200 ನಾಣ್ಯಗಳಿದ್ದ ಆ ನಿಧಿಯನ್ನು 2017ರಲ್ಲಿ ಆಕ್ಸ್‌ಫರ್ಡಿನ ಆ್ಯಶ್ಮೋಲಿಯನ್ ವಸ್ತುಸಂಗ್ರಹಾಲಯವು 13 ಲಕ್ಷ 50 ಸಾವಿರ ಪೌಂಡುಗಳಿಗೆ ಪಡೆದುಕೊಂಡಿತು. ಅದೇ 2015ರಲ್ಲಿ ಹೆರಿಫರ್ಡ್‌ಷೈರಿನ ಲೆಮ್‌ಸ್ಟರ್ ಬಳಿ ಇಬ್ಬರಿಗೆ ಚಿನ್ನದ ಆಭರಣಗಳೂ ಸುಮಾರು 300 ನಾಣ್ಯಗಳೂ ಸಿಕ್ಕವೆಂದು ಅಂದಾಜು. ಅವರು ಬಹುಭಾಗವನ್ನು ಮರೆಮಾಚಿ, ನಾಣ್ಯಗಳನ್ನು ಗುಟ್ಟಾಗಿ ಮಾರತೊಡಗಿದರು. 2019ರಲ್ಲಿ ನ್ಯಾಯಾಲಯವು ಅವರಿಗೆ ದೀರ್ಘ ಕಾರಾಗೃಹವಾಸವನ್ನು ವಿಧಿಸಿತು. ವ್ಯವಹಾರದಲ್ಲಿ ಕೈಜೋಡಿಸಿದ ನಾಣ್ಯವ್ಯಾಪಾರಿಗೂ ಶಿಕ್ಷೆಯಾಯಿತು. ಆದರೆ ಆ ಹೊತ್ತಿಗೆ ಮರಳಿ ದೊರೆತಿದ್ದ ನಾಣ್ಯಗಳು ಮೂವತ್ತರ ಆಸುಪಾಸು ಮಾತ್ರ. ಉಳಿದವುಗಳಿಗೆ ಮುಖ್ಯ ಸಾಕ್ಷಿ, ಅಳಿಸಿಹಾಕಿದ್ದ ಮೊಬೈಲ್ ಚಿತ್ರಗಳು.

ಹೋದದ್ದು ಬರಿಯ ಬೆಳ್ಳಿಯೇ? ಎರಡೂ ನಿಧಿಗಳು 9ನೆಯ ಶತಮಾನದ ಉತ್ತರಾರ್ಧದಲ್ಲಿ, ವೈಕಿಂಗರ ದಾಳಿಯ ಕಾಲದಲ್ಲಿ ಹೂತಿಟ್ಟವು. ವೆಸೆಕ್ಸಿನ ಅರಸ ಆಲ್ಫ್ರೆಡನನ್ನು ಇತಿಹಾಸವು ಮಹಾಪುರುಷನೆಂದು ಕೊಂಡಾಡಿದೆ. ಅವನ ಸಮಕಾಲೀನನಾದ ಮರ್ಸಿಯಾದ ಅರಸ ಚೆಯೋಲ್‌ವುಲ್ಫನನ್ನಾದರೋ, ಆಲ್ಫ್ರೆಡನ ರಾಜ್ಯದಲ್ಲಿ ರಚಿತವಾದ ವೃತ್ತಾಂತವು ಅವಿವೇಕಿಯೆಂದು, ವೈಕಿಂಗರ ಕೈಗೊಂಬೆಯೆಂದು ತಳ್ಳಿಹಾಕಿದೆ. ಈ ನಿಧಿಗಳಲ್ಲಿದ್ದ ಅತಿ ವಿರಳವಾದ ಒಂದು ಬಗೆಯ ನಾಣ್ಯವು ಬೇರೆ ಮಾತನ್ನು ಹೇಳುತ್ತದೆ. ಇಬ್ಬರು ಅರಸರೂ ಅದೇ ಮಾದರಿಯ ನಾಣ್ಯವನ್ನು ಟಂಕಿಸಿದ್ದರು. ಅದರ ಮೇಲೆ ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕದಲ್ಲಿ ಆಸೀನರಾಗಿದ್ದಾರೆ. ಇಬ್ಬರೂ ಮಿತ್ರರಾಗಿದ್ದರೆಂದು ವಿದ್ವಾಂಸರು ಇದರಿಂದ ಊಹಿಸುತ್ತಾರೆ. ಗೆದ್ದವರ ಲೇಖನಿಯು ಅಳಿಸಿದ ಹೆಸರಿನ ಪರವಾಗಿ ನೆಲವು ಸಾಕ್ಷ್ಯವನ್ನು ಕಾಪಾಡಿಕೊಂಡು ಬಂದಿತ್ತು. ಅದರ ಒಂದು ಪಾಲನ್ನು ಮರೆಮಾಚಿದವರು, ತನ್ನ ಪರವಾಗಿ ತಾನು ಮಾತನಾಡಲಾರದ ಒಬ್ಬ ಮನುಷ್ಯನ ಸಾಕ್ಷಿಯ ಬಾಯಿ ಕಟ್ಟಿದರು.

ನಮ್ಮ ಆಚಾರ್ಯರು ಈ ಬಗೆಯ ಪ್ರಶ್ನೆಯನ್ನು ಎಂದೋ ಪರಿಶೀಲಿಸಿದ್ದಾರೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಇರಿಸಿದ, ಬಿದ್ದ, ಮರೆತ ವಸ್ತುಗಳನ್ನೆಲ್ಲ ಅಚೌರ್ಯಾಣುವ್ರತದ ಎಲ್ಲೆಯೊಳಗೆ ತಂದಿದೆ. 13ನೆಯ ಶತಮಾನದ ಪಂಡಿತ ಆಶಾಧರರು ಇನ್ನೂ ಮುಂದೆ ಹೋಗಿ, ಒಡೆಯನಿಲ್ಲವೆಂಬ ನೆಪದಿಂದ ನಿಧಿಯನ್ನು ಶ್ರಾವಕನು ತೆಗೆದುಕೊಳ್ಳಲಾಗದು, ಅಂಥ ಧನಕ್ಕೆ ಅರಸನೇ ಉತ್ತರಾಧಿಕಾರಿ ಎಂದು ಸಾಗಾರಧರ್ಮಾಮೃತದಲ್ಲಿ ನಿರ್ಣಯಿಸಿದ್ದಾರೆ. ಅರಸನೆಂದರೆ ಇಂದಿನ ಅರ್ಥದಲ್ಲಿ ಸಮಸ್ತ ಸಮಾಜ. ಕದ್ದ ಮಾಲನ್ನು ಕೊಳ್ಳುವ ತದಾಹೃತಾದಾನವನ್ನೂ ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳಲ್ಲಿ ಎಣಿಸಿರುವುದನ್ನು ವ್ಯಾಪಾರಿಗಳಾದ ನಾವು ಮರೆಯಬಾರದು. ಮೂಲವನ್ನು ವಿಚಾರಿಸದೆ ಕೊಳ್ಳುವ ಗಿರಾಕಿ ಇರುವವರೆಗೆ ಗುಟ್ಟಾಗಿ ಅಗೆಯುವ ಕೈಗೆ ಬಿಡುವಿಲ್ಲ.

ಹವ್ಯಾಸಿಗಳ ಪಕ್ಷದಲ್ಲಿಯೂ ಸತ್ಯಾಂಶವಿದೆ. ಅನೇಕಾಂತದೃಷ್ಟಿಯುಳ್ಳವರು ಅದನ್ನು ಕೇಳಬೇಕು. ಮೇಲ್ಮಣ್ಣಿನಲ್ಲಿರುವ ವಸ್ತುಗಳನ್ನು ನೇಗಿಲು ವರ್ಷವರ್ಷವೂ ಒಡೆಯುತ್ತದೆ, ರಾಸಾಯನಿಕ ಗೊಬ್ಬರವು ಕೊರೆಯುತ್ತದೆ. ತಾವು ಎತ್ತದಿದ್ದರೆ ಅವು ಯಾರಿಗೂ ಉಳಿಯವು ಎನ್ನುತ್ತಾರೆ ಅವರು. 1997ರಲ್ಲಿ ಆರಂಭವಾದ ಸರ್ಕಾರಿ ದಾಖಲಾತಿ ಯೋಜನೆಯಲ್ಲಿ ಅವರೇ ಬಹುಪಾಲು ತಂದೊಪ್ಪಿಸಿದ 15 ಲಕ್ಷಕ್ಕೂ ಮೀರಿದ ವಸ್ತುಗಳು ನಮೂದಾಗಿವೆ. 1992ರಲ್ಲಿ ಸಫಕ್ ಪ್ರಾಂತದ ಹಾಕ್ಸನ್ ಗ್ರಾಮದಲ್ಲಿ, ರೈತನೊಬ್ಬನು ಕಳೆದುಕೊಂಡ ಸುತ್ತಿಗೆಯನ್ನು ಹುಡುಕಲು ಹೋದ ಮಿತ್ರನ ಯಂತ್ರಕ್ಕೆ ರೋಮನ್ ಕಾಲದ ನಿಧಿಯೊಂದು ಸಿಕ್ಕಿತು. ಅವನು ಅಗೆತವನ್ನು ನಡುವೆಯೇ ನಿಲ್ಲಿಸಿದನು. ಆದುದರಿಂದಲೇ ಸುಮಾರು 15 ಸಾವಿರ ನಾಣ್ಯಗಳ ಜೊತೆಗೆ, ಅವುಗಳನ್ನು ತುಂಬಿದ್ದ ಓಕ್ ಮರದ ಪೆಟ್ಟಿಗೆಯ ಗುರುತು, ಒಳಗಿನ ಚಿಕ್ಕ ಪೆಟ್ಟಿಗೆಗಳ ಬೆಳ್ಳಿಯ ಬೀಗಗಳು, ಯಾವುದರ ಪಕ್ಕ ಯಾವುದಿತ್ತೆಂಬ ವಿವರ ಎಲ್ಲವೂ ಉಳಿದವು. ಲೆಕ್ಕದ ಪುಸ್ತಕದಿಂದ ಒಂದು ಸಾಲನ್ನು ಕತ್ತರಿಸಿ ತೆಗೆದರೆ ಮೊತ್ತವು ಕೈಯಲ್ಲಿ ಉಳಿದೀತು. ಯಾರಿಂದ ಬಂತು, ಯಾರಿಗೆ ಹೋಯಿತೆಂಬುದು ಉಳಿಯದು. ಮಣ್ಣಿನಿಂದ ಕಿತ್ತ ನಾಣ್ಯದ ಗತಿಯೂ ಇದೇ.

ರಾಜ್ಯಗಳು ಇದಕ್ಕೆ ಎರಡು ದಾರಿ ಹಿಡಿದಿವೆ. ಐರ್ಲೆಂಡು 1987ರ ಶಾಸನದಿಂದ, ಅನುಮತಿಯಿಲ್ಲದೆ ಯಂತ್ರ ಹಿಡಿದು ಪ್ರಾಚೀನ ವಸ್ತುಗಳನ್ನು ಹುಡುಕುವುದನ್ನೇ ನಿಷೇಧಿಸಿತು. ಇಂಗ್ಲೆಂಡು 1996ರ ನಿಧಿ ಶಾಸನದಿಂದ, 14 ದಿನಗಳೊಳಗೆ ತಿಳಿಸಬೇಕೆಂದು ವಿಧಿಸಿ, ವಸ್ತುಸಂಗ್ರಹಾಲಯವು ಪಡೆದ ನಿಧಿಗೆ ಮಾರುಕಟ್ಟೆಯ ಬೆಲೆಯನ್ನು ಬಹುಮಾನವಾಗಿ ಕೊಡುತ್ತದೆ. ಅದು ಸಾಮಾನ್ಯವಾಗಿ ಶೋಧಕನಿಗೂ ನೆಲದೊಡೆಯನಿಗೂ ಸಮಪಾಲಾಗುತ್ತದೆ. ಬಹುಮಾನಕ್ಕಾಗಿ ತೋರಿದ ಪ್ರಾಮಾಣಿಕತೆ ಪ್ರಾಮಾಣಿಕತೆಯೇ ಎಂದು ಕೆಲವರು ಕೇಳಬಹುದು. ಸಾಮಾನ್ಯ ಮನುಷ್ಯನಿಗೆ ಸನ್ಮಾರ್ಗವು ನಷ್ಟದ ಮಾರ್ಗವಾಗದಂತೆ ಮಾಡುವುದು ರಾಜ್ಯದ ವಿವೇಕವೆಂದೇ ನನ್ನ ಅಭಿಪ್ರಾಯ. ಆದರೆ ಲೆಮ್‌ಸ್ಟರಿನ ಇಬ್ಬರ ಮುಂದೆಯೂ ಅದೇ ಬಹುಮಾನವಿತ್ತು. ಲೋಭವು ಅರ್ಧಪಾಲಿನಿಂದ ತೃಪ್ತವಾಗುವುದಿಲ್ಲ. ಶಾಸನವು ನಿಂತ ಕಡೆಯಿಂದ ವ್ರತವು ಮುಂದುವರಿಯಬೇಕು.

ನ್ಯಾಸಾಪಹಾರವನ್ನು, ಎಂದರೆ ನಂಬಿ ಇಟ್ಟ ಒತ್ತೆಯನ್ನು ನುಂಗುವುದನ್ನು, ಸೂತ್ರಕಾರರು ಸತ್ಯವ್ರತದ ಅತಿಚಾರವೆಂದು ಕರೆದಿದ್ದಾರೆ. ನೆಲದಲ್ಲಿರುವ ನಿಧಿಯು ಅಂಥ ನ್ಯಾಸ. ಇಟ್ಟವನು ಮರಳಿ ಬರಲಾರ, ಕೊಡುವೆನೆನ್ನಲಾರ; ಅದರಿಂದ ತಿಳಿಯಬೇಕಾದವರು ಇನ್ನೂ ಹುಟ್ಟಿಲ್ಲ. ನಡುವೆ ನಿಂತವನು ಕೇವಲ ಕಾವಲುಗಾರ. ಕಂಡದ್ದನ್ನು ಕಂಡಂತೆ ಹೇಳದೆ ಬಚ್ಚಿಟ್ಟವನು ಅಚೌರ್ಯವನ್ನೂ ಸತ್ಯವನ್ನೂ ಒಟ್ಟಿಗೆ ಮುರಿಯುತ್ತಾನೆ. ಬಸದಿಯ ಜೀರ್ಣೋದ್ಧಾರಕ್ಕೆಂದು ಅಡಿಪಾಯ ತೋಡಿಸುವ ಟ್ರಸ್ಟಿನವರಿಗೂ ಈ ಮಾತು ಸಲ್ಲುತ್ತದೆ. ಗುದ್ದಲಿಗೆ ಏನಾದರೂ ತಾಗಿದ ಕ್ಷಣದಲ್ಲಿ ಕೈಯನ್ನು ತಡೆದು, ತಿಳಿಸಬೇಕಾದವರಿಗೆ ತಿಳಿಸುವುದೇ ಅಲ್ಲಿಯ ವ್ರತಪಾಲನೆ.